ದೇಶ ಬದಲಾದರೆ ಕಾರ್ಖಾನೆಯ ಲೆಕ್ಕವೂ ಬದಲು

(ಸಭಾಸದ ರೈತರ ಮೇಳಾವದಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಹಳ್ಳಿಗಳಿಗೆ ಹೋದಾಗ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತದೆ. "ಸಾಹೇಬರ, ಬ್ರೆಜಿಲ್ ದೇಶದಾಗ ಸಕ್ಕರಿ ರೇಟು ಬಿದ್ದರ ಇಥೆನಾಲ್ ಮಾಡ್ತಾರ, ಇಥೆನಾಲ್ ಬಿದ್ದರ ಸಕ್ಕರಿ ಮಾಡ್ತಾರ. ನಮ್ಮ ಕಾರ್ಖಾನಿಗೆ ಯಾಕ ಆಗೂದಿಲ್ಲ?" ಪ್ರಶ್ನೆ ಯೋಗ್ಯವಾದದ್ದೇ. ಆದರೆ ಇದಕ್ಕೆ ಉತ್ತರ ಯಂತ್ರಗಳಲ್ಲಿ ಸಿಗುವುದಿಲ್ಲ. ಭೂಮಿ ಯಾರದು, ಬಂಡವಾಳ ಯಾರದು, ದರ ಕಟ್ಟುವವರು ಯಾರು ಎಂಬ ಮೂರು ಮಾತುಗಳನ್ನು ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಇತ್ಯರ್ಥ ಮಾಡಿಕೊಂಡಿದೆ. ಕಾರ್ಖಾನೆಯ ಧೋರಣೆ ಈ ಮೂರರ ಮೇಲೆ ನಿಲ್ಲುತ್ತದೆ. ಬಂಡವಾಳಶಾಹಿ ಎಲ್ಲ ದೇಶಗಳಲ್ಲಿ ಒಂದೇ ಬಗೆಯದಲ್ಲವೆಂದು ತೋರಿಸಲು ಪೀಟರ್ ಹಾಲ್ ಮತ್ತು ಡೇವಿಡ್ ಸೋಸ್ಕಿಸ್ ಎಂಬ ಪಂಡಿತರು 2001ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ನಾವು ಅದೇ ಮಾತನ್ನು ಸಕ್ಕರೆಯ ಉದಾಹರಣೆಯಿಂದ ತಿಳಿಯೋಣ.

ಮೊದಲು ಬ್ರೆಜಿಲ್. 1973ರಲ್ಲಿ ಖನಿಜ ತೈಲದ ಬೆಲೆ ಏರಿದ ಮೇಲೆ, 1975ರಲ್ಲಿ ಅಲ್ಲಿಯ ಸರಕಾರ ಕಬ್ಬಿನಿಂದ ಇಂಧನ ತಯಾರಿಸುವ ದೊಡ್ಡ ಯೋಜನೆ ಹಾಕಿ, ಅಗ್ಗದ ಸಾಲ ಕೊಟ್ಟು ಕಾರ್ಖಾನೆಗಳನ್ನು ಬೆಳೆಸಿತು. 1990ರಲ್ಲಿ ಸಕ್ಕರೆಯನ್ನು ನಿಯಂತ್ರಿಸುತ್ತಿದ್ದ ಸರಕಾರಿ ಮಂಡಳಿಯನ್ನೇ ರದ್ದು ಮಾಡಿತು. 2003ರಿಂದ ಪೆಟ್ರೋಲು, ಇಥೆನಾಲ್ ಎರಡರಲ್ಲಿ ಯಾವುದನ್ನು ಹಾಕಿದರೂ ಓಡುವ ಕಾರುಗಳು ಬಂದವು. ಕಾರ್ಖಾನೆಗಳು ಬಹುತೇಕ ಖಾಸಗಿ ಕಂಪನಿಗಳವು. ಕಬ್ಬಿನ ದೊಡ್ಡ ಪಾಲು ಅವರ ಸ್ವಂತದ ಅಥವಾ ಗೇಣಿ ಹಿಡಿದ ಜಮೀನಿನದು. ಆದ್ದರಿಂದ ಸಕ್ಕರೆ ಮಾಡಬೇಕೋ ಇಥೆನಾಲ್ ಮಾಡಬೇಕೋ ಎಂಬುದನ್ನು ಮಾಲಕನೇ ಪೇಟೆ ನೋಡಿ ನಿರ್ಧರಿಸುತ್ತಾನೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಸಾವೊ ಪಾವ್ಲೊ ಪ್ರಾಂತದಲ್ಲಿ 1999ರಿಂದ ನಡೆದುಬಂದ ಸೂತ್ರದ ಪ್ರಕಾರ, ಬೆಳೆಗಾರನ ಕಬ್ಬಿನ ಸಕ್ಕರೆ ಅಂಶ ಮತ್ತು ಪೇಟೆಯ ಬೆಲೆ ಎರಡನ್ನೂ ಹಿಡಿದು ದರ ಬರುತ್ತದೆ. ಪೇಟೆ ಬಿದ್ದರೆ ಅವನ ಕಬ್ಬಿನ ದರವೂ ಅದರೊಡನೆ ಬೀಳುತ್ತದೆ.

ಇನ್ನು ಜರ್ಮನಿ. ಅಲ್ಲಿ ಸಕ್ಕರೆ ಬೀಟ್‌ನಿಂದ ಬರುತ್ತದೆ. ಸ್ಯೂಡ್‌ಜುಕರ್ ಎಂಬ ದೊಡ್ಡ ಕಂಪನಿಯ ಬಹುಪಾಲು ಶೇರುಗಳು ಬೀಟ್ ಬೆಳೆಗಾರರ ಸಹಕಾರಿ ಸಂಘದ ಕೈಯಲ್ಲಿವೆ. ಬಿತ್ತುವ ಮೊದಲೇ ಕರಾರು ಆಗುತ್ತದೆ. ಮಾಲಕರೇ ಮಾಲು ಪೂರೈಸುವವರಾದ್ದರಿಂದ ಕಂಪನಿ ನಿಧಾನವಾಗಿ, ದೂರದ ದೃಷ್ಟಿಯಿಂದ ಇಥೆನಾಲ್, ತಿನಿಸು ಮೊದಲಾದ ಧಂಧೆಗಳನ್ನೂ ಕಟ್ಟಿಕೊಂಡಿತು. ಆದರೂ 1968ರಿಂದ ಇದ್ದ ಯುರೋಪಿನ ಸಕ್ಕರೆ ಕೋಟಾ 2017ರಲ್ಲಿ ಮುಗಿದು ಬೆಲೆ ಕುಸಿದಾಗ, 2019ರಲ್ಲಿ ಜರ್ಮನಿಯಲ್ಲೇ ಎರಡು ಕಾರ್ಖಾನೆ ಮುಚ್ಚುವ ತೀರ್ಮಾನ ಮಾಡಬೇಕಾಯಿತು.

ಮೂರನೆಯದು ಆಸ್ಟ್ರೇಲಿಯ. ಕ್ವೀನ್ಸ್‌ಲ್ಯಾಂಡಿನ ಮೆಕೈ ಪ್ರದೇಶದ ಬೆಳೆಗಾರರು ತಮ್ಮ ಸಹಕಾರಿ ಗಿರಣಿಗಳನ್ನು 1988ರಲ್ಲಿ ಕೂಡಿಸಿ ಒಂದೇ ಸಂಸ್ಥೆ ಮಾಡಿದರು. ಆದರೆ ಸಾಲ ಬೆಳೆಯಿತು, ಬಂಡವಾಳ ಸಾಲದಾಯಿತು. 2019ರಲ್ಲಿ ಸುಮಾರು 70 ಶೇಕಡಾ ಪಾಲು ನೋರ್ಡ್‌ಜುಕರ್ ಎಂಬ ಜರ್ಮನ್ ಕಂಪನಿಗೆ ಹೋಯಿತು. ಅದೂ ಬೀಟ್ ರೈತರ ಒಡೆತನದ ಕಂಪನಿಯೇ! ಒಂದು ದೇಶದ ರೈತರು ಕಾಯ್ದುಕೊಂಡ ಬಂಡವಾಳ, ಇನ್ನೊಂದು ದೇಶದ ರೈತರ ಗಿರಣಿಯನ್ನು ಕೊಂಡಿತು. ಬರೀ ಸಹಕಾರ ಎಂಬ ಹೆಸರು ನಮ್ಮನ್ನು ಕಾಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನಮ್ಮ ಮನೆಯ ಮಾತು. ವಿಠ್ಠಲರಾವ್ ವಿಖೆ ಪಾಟೀಲರು, ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರು ಲೋಣಿಯಲ್ಲಿ ನಿಲ್ಲಿಸಿದ ಕಾರ್ಖಾನೆ 1950ರಲ್ಲಿ ಕಬ್ಬು ನುರಿಸತೊಡಗಿತು. ರೈತರ ಶೇರು, ಸರಕಾರದ ನೆರವು, ಇವೆರಡರ ಆ ಮಾದರಿಯೇ ಮಹಾರಾಷ್ಟ್ರದ ತುಂಬ ಹಬ್ಬಿತು. ನಮ್ಮ ವ್ಯವಸ್ಥೆಯಲ್ಲಿ ಜಮೀನು ಸಣ್ಣ ರೈತನದು. ಕಬ್ಬಿನ ಕನಿಷ್ಠ ದರವಾದ ಎಫ್.ಆರ್.ಪಿ.ಯನ್ನು ಕೇಂದ್ರ ಸರಕಾರ ಕಟ್ಟುತ್ತದೆ. ಕಬ್ಬು ಬಂದ 14 ದಿನಗಳೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾದರೆ ಬಡ್ಡಿಯೂ ಉಂಟು. ಇಥೆನಾಲ್ ಮಾಡುವುದಕ್ಕೂ ಮೇಲಿನ ಅಪ್ಪಣೆ ಬೇಕು. 2023ರ ಡಿಸೆಂಬರದಲ್ಲಿ ಸಕ್ಕರೆ ಕಡಿಮೆ ಬೀಳಬಹುದೆಂಬ ಅಂಜಿಕೆಯಿಂದ ಕಬ್ಬಿನ ರಸದಿಂದ ಇಥೆನಾಲ್ ಮಾಡುವುದನ್ನು ಕೇಂದ್ರ ಸರಕಾರ ತಡೆಯಿತು. ಕೆಲವೇ ದಿನಗಳಲ್ಲಿ ಮಿತಿ ಹಾಕಿ ಸಡಿಲಿಸಿತು, ಮುಂದಿನ ಹಂಗಾಮಿಗೆ ನಿರ್ಬಂಧ ತೆಗೆಯಿತು. ಬ್ರೆಜಿಲ್‌ನ ಮಾಲಕ ಪೇಟೆಯ ಮುಖ ನೋಡುತ್ತಾನೆ. ನಾವು ಪೇಟೆಯ ಜೊತೆಗೆ ದಿಲ್ಲಿಯ ಮುಖವನ್ನೂ ನೋಡಬೇಕು.

ಹಾಗಾದರೆ ನಮ್ಮ ಕೈಯಲ್ಲಿ ಉಳಿದದ್ದೇನು? ಸಕ್ಕರೆ ಇಳುವರಿ, ಅಂದರೆ ರಿಕವರಿ. 2025-26ರ ಹಂಗಾಮಿಗೆ 10.25 ಶೇಕಡಾ ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ ಎಫ್.ಆರ್.ಪಿ. ಗೊತ್ತಾಯಿತು. ಅದರ ಮೇಲೆ ಪ್ರತಿ 0.1 ಶೇಕಡಾಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು. ಅಂದರೆ ರಿಕವರಿ ಅರ್ಧ ಶೇಕಡಾ ಏರಿದರೆ ಟನ್ನಿಗೆ 173 ರೂಪಾಯಿ!

ಇನ್ನೊಂದು ಮಾತು ಲಕ್ಷ್ಯದಲ್ಲಿಡಿರಿ. ನಮ್ಮಲ್ಲಿ ಇಡೀ ಕಾರ್ಖಾನೆಯ ಸರಾಸರಿ ರಿಕವರಿಯ ಮೇಲೆ ಎಲ್ಲರಿಗೂ ದರ. ಒಬ್ಬ ರವದಿ, ಹಸಿ ಸುಳಿ ಸಹಿತ ಕಬ್ಬು ತುಂಬಿ ಕಳಿಸಿದರೆ ಹತ್ತು ಮಂದಿಯ ದರಕ್ಕೆ ಪೆಟ್ಟು. ಒಬ್ಬ ಮನಸಿಟ್ಟು ಬೆಳೆದರೆ ಹತ್ತು ಮಂದಿಗೆ ಲಾಭ. ಆದುದರಿಂದ ನಾಟಿಯ ದಿನಾಂಕದಂತೆ ಕಟಾವಿನ ಪಾಳಿ ಪಾಲಿಸಿರಿ. ಮಾಗದ ಕಬ್ಬಿಗೆ ಅವಸರ ಮಾಡಬೇಡಿರಿ. ಕಬ್ಬು ಸುಡಬೇಡಿರಿ. ಬುಡಕ್ಕೆ ಹಚ್ಚಿ ಕಡಿಸಿರಿ, ಕಡಿದ ಕಬ್ಬು ಒಂದು ದಿನದೊಳಗೆ ಗಾಣಕ್ಕೆ ಮುಟ್ಟುವಂತೆ ನೋಡಿರಿ. ಯೂರಿಯಾ ತಡಮಾಡಿ ಹಾಕಬೇಡಿರಿ.

ಇದು ಬರೀ ರೈತರಿಗೆ ಹೇಳುವ ಬುದ್ಧಿಮಾತಲ್ಲ. ವೇಳೆಗೆ ತೋಡಣಿ ಟೋಳಿ ಕಳಿಸುವುದು, ತೂಕದಲ್ಲಿ ಚೊಕ್ಕಟವಿರುವುದು, 14 ದಿನದೊಳಗೆ ಬಿಲ್ಲು ಕೊಡುವುದು ಕಾರ್ಖಾನೆಯ ಪಾಲಿನ ಕೆಲಸ. ವಾರ್ಷಿಕ ಸಭೆಗೆ ಬಂದು ಸಾಲವೆಷ್ಟು, ರಿಕವರಿ ಎಷ್ಟು, ಖರ್ಚೆಷ್ಟು ಎಂದು ಕೇಳುವುದು ನಿಮ್ಮ ಹಕ್ಕು. ಸಾಲದಲ್ಲಿ ಮುಳುಗಿ ಮಾರಾಟವಾದ, ಬಾಡಿಗೆಗೆ ಹೋದ ಸಹಕಾರಿ ಕಾರ್ಖಾನೆಗಳು ನಮ್ಮ ರಾಜ್ಯದಲ್ಲಿ ಎಷ್ಟೋ ಇವೆ. ಹಂಗಾಮಿನ ಮೊದಲಿಗೆ ಹೊರಗಿನವರು ಟನ್ನಿಗೆ ಐವತ್ತು ರೂಪಾಯಿ ಹೆಚ್ಚು ಹೇಳಿದಾಗ ಆಶೆಯಾಗುವುದು ಸಹಜ. ಆದರೆ ನಮ್ಮ ಗಾಣ ನಿಂತ ವರ್ಷ ಆ ಐವತ್ತು ರೂಪಾಯಿ ಹೇಳುವವರು ಯಾರೂ ಇರುವುದಿಲ್ಲ. ಕಬ್ಬು ಕಳಿಸುವ ಮುಂಚೆ ಅದನ್ನೂ ಲೆಕ್ಕ ಹಾಕಿರಿ.