ಮಗುವಿನ ಅನ್ನದ ಪಾಲು
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮುಂದೆ ಏನಾಗುವಿರಿ ಎಂದು ಮಕ್ಕಳನ್ನು ಕೇಳಿದರೆ ವೈದ್ಯ, ಇಂಜಿನಿಯರು, ಉಪಾಧ್ಯಾಯ ಎಂಬ ಉತ್ತರಗಳು ಕೂಡಲೇ ಬರುತ್ತವೆ. ನಾನು ಇಂದು ಹೇಳಹೊರಟಿರುವ ಉದ್ಯೋಗದ ಹೆಸರನ್ನು ಕೇಳಿದವರು ವಿರಳ. ತಾಯಿತಂದೆಗಳು ಬೇರೆಯಾಗಿ ಬಾಳುತ್ತಿರುವಾಗ, ಮಗುವಿನ ಪೋಷಣೆಗೆ ಸಲ್ಲತಕ್ಕ ಜೀವನಾಂಶವನ್ನು ಸಲ್ಲುವಂತೆ ಮಾಡುವ ಸರಕಾರಿ ಅಧಿಕಾರಿಯ ಉದ್ಯೋಗವದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿಯೊಂದು ರಾಜ್ಯದಲ್ಲಿಯೂ ಇದಕ್ಕೆಂದೇ ಒಂದು ಇಲಾಖೆಯಿದೆ.

ದಂಪತಿಗಳ ಸಂಬಂಧ ಮುರಿಯಬಹುದು. ಮಗುವಿನ ಸಂಬಂಧ ಮುರಿಯತಕ್ಕದ್ದಲ್ಲ. ಜೀವನಾಂಶವು ಒಬ್ಬರು ಮತ್ತೊಬ್ಬರಿಗೆ ತೋರುವ ದಯೆಯಲ್ಲ, ಸೋತವರು ತೆರುವ ದಂಡವೂ ಅಲ್ಲ. ಅದು ಮಗುವಿನ ಹಕ್ಕು. ಈ ಅಧಿಕಾರಿಯ ಕೆಲಸವೆಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಅಮೆರಿಕದಲ್ಲಿ ಈಗಿರುವ ವ್ಯವಸ್ಥೆಗೆ ಬುನಾದಿಯಾದ ಶಾಸನಕ್ಕೆ ಅಧ್ಯಕ್ಷ ಜೆರಾಲ್ಡ್ ಫೋರ್ಡರು 1975ರ ಜನವರಿಯಲ್ಲಿ ಸಹಿ ಹಾಕಿದರು. ಕಾರ್ಯಾಲಯದ ಖರ್ಚಿನಲ್ಲಿ ನೂರಕ್ಕೆ 66 ಪಾಲನ್ನು ಕೇಂದ್ರ ಸರಕಾರವೇ ಹೊರುತ್ತದೆ.

ಅಧಿಕಾರಿಯ ಕೆಲಸದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದು, ದೂರವಾದ ತಂದೆ ಅಥವಾ ತಾಯಿ ಎಲ್ಲಿರುವರೆಂದು ಪತ್ತೆ ಮಾಡುವುದು. ಹೊಸದಾಗಿ ಕೆಲಸಕ್ಕೆ ಸೇರಿಸಿಕೊಂಡವರ ಹೆಸರನ್ನು 20 ದಿನಗಳೊಳಗೆ ಸರಕಾರಕ್ಕೆ ತಿಳಿಸಬೇಕೆಂದು 1996ರ ಕಾನೂನು ಮಾಲಿಕರಿಗೆ ವಿಧಿಸಿದೆ. ಆದುದರಿಂದ ರಾಜ್ಯ ಬದಲಿಸಿ ಕೆಲಸ ಹಿಡಿದವನ ವಿಳಾಸವೂ ದೊರೆಯುತ್ತದೆ. ಎರಡನೆಯದು, ತಂದೆ ಯಾರೆಂಬುದು ಕಾನೂನಿನಲ್ಲಿ ಇನ್ನೂ ಸ್ಥಿರಪಡದಿದ್ದರೆ ಅದನ್ನು ನಿರ್ಣಯಿಸಿಕೊಳ್ಳುವುದು. ಮೂರನೆಯದು, ಆದಾಯವನ್ನೂ ಮಕ್ಕಳ ಸಂಖ್ಯೆಯನ್ನೂ ಲೆಕ್ಕಕ್ಕೆ ತಂದು, ರಾಜ್ಯದ ನಿಯಮಗಳಂತೆ ಮೊತ್ತವನ್ನು ಗೊತ್ತುಮಾಡಿಸುವುದು. ನಾಲ್ಕನೆಯದು ವಸೂಲಿ. ಬಹುಪಾಲು ಹಣ ಸಂಬಳದಿಂದಲೇ ಕಡಿತವಾಗಿ ಬರುತ್ತದೆ. ಹಟಮಾರಿಗಳಿಗೆ ಬೇರೆ ಉಪಾಯಗಳಿವೆ: ಹಿಂದಿರುಗಿ ಬರಬೇಕಾದ ತೆರಿಗೆಯ ಹಣವನ್ನು ತಡೆಹಿಡಿಯುತ್ತಾರೆ, ವಾಹನ ನಡೆಸುವ ಪರವಾನಗಿಯನ್ನು ಅಮಾನತಿನಲ್ಲಿಡುತ್ತಾರೆ, ಬಾಕಿ 2,500 ಡಾಲರು ಮೀರಿದರೆ ಪಾಸ್‌ಪೋರ್ಟನ್ನೇ ನಿರಾಕರಿಸುತ್ತಾರೆ.

ಇಷ್ಟು ಅಧಿಕಾರ ಕೈಯಲ್ಲಿರುವವನಿಗೆ ವಿವೇಕವೂ ಅಷ್ಟೇ ಬೇಕು. ಕೊಡಲಾರದವನು ಬೇರೆ, ಕೊಡಲೊಲ್ಲದವನು ಬೇರೆ. ತಿಂಗಳಿಗೆ 600 ಡಾಲರು ಕೊಡಬೇಕಾದ ಒಬ್ಬ ತಂದೆಗೆ ಕೆಲಸ ತಪ್ಪಿತೆಂದಿಟ್ಟುಕೊಳ್ಳೋಣ. ನಾಚಿಕೆಯಿಂದಲೋ ಅಜ್ಞಾನದಿಂದಲೋ ಅವನು ಹತ್ತು ತಿಂಗಳು ಸುಮ್ಮನಿದ್ದರೆ ಬಾಕಿ 6,000 ಡಾಲರಾಗುತ್ತದೆ. ಒಮ್ಮೆ ಏರಿದ ಬಾಕಿಯನ್ನು ನ್ಯಾಯಾಲಯವು ಹಿಂದಿನ ತಾರೀಖಿನಿಂದ ಇಳಿಸುವಂತಿಲ್ಲವೆಂದು 1986ರ ಶಾಸನ ಹೇಳುತ್ತದೆ. ಮೊತ್ತವನ್ನು ಕಡಿಮೆ ಮಾಡಬೇಕೆಂದು ಅರ್ಜಿ ಕೊಟ್ಟು, ಎದುರುಪಕ್ಷಕ್ಕೆ ಅದರ ತಿಳಿವಳಿಕೆ ಮುಟ್ಟಿದ ಮೇಲಿನ ಅವಧಿಗೆ ಮಾತ್ರ ಪರಿಹಾರವುಂಟು. ಹೀಗಿರುವಾಗ, "ಕೆಲಸ ಹೋದೊಡನೆ ಅರ್ಜಿ ಕೊಡು" ಎಂದು ಸಕಾಲದಲ್ಲಿ ತಿಳಿಸಿದ ಅಧಿಕಾರಿಯು ಆ ತಂದೆಯನ್ನು ಸಾಲದಿಂದ ಉಳಿಸುತ್ತಾನೆ. ಮಗುವಿಗೆ ತಂದೆಯನ್ನೂ ಉಳಿಸಿಕೊಡುತ್ತಾನೆ. ಏಕೆಂದರೆ ತೀರಿಸಲಾಗದ ಸಾಲವನ್ನು ಹೊತ್ತವನು ಕಡೆಗೆ ಮಗುವಿನ ಕಣ್ಣಿಗೂ ಮರೆಯಾಗುವ ಭಯವುಂಟು.

ಹಣ ಕೊಡದವನನ್ನು ಸೆರೆಗೆ ಹಾಕುವ ಮುನ್ನ, ಅವನಿಗೆ ಕೊಡುವ ಶಕ್ತಿ ಇದೆಯೇ ಎಂಬುದನ್ನು ನ್ಯಾಯವಾದ ಕ್ರಮದಲ್ಲಿ ವಿಚಾರಿಸಬೇಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು. ಸೆರೆಯಲ್ಲಿ ಕುಳಿತವನು ಸಂಪಾದಿಸಲಾರನಷ್ಟೆ.

ನಮ್ಮ ದೇಶದ ಸಂಗತಿ ಹೇಗೆ? ಮಗುವಿಗೆ ಜೀವನಾಂಶ ಕೊಡಿಸುವ ಕಾನೂನು ನಮ್ಮಲ್ಲಿಯೂ ಬಹುಕಾಲದಿಂದ ಇದೆ; 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೇರಿದೆ. ಆಜ್ಞೆಯನ್ನು ಕಾರಣವಿಲ್ಲದೆ ಮೀರಿದವನಿಗೆ ಪ್ರತಿ ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸೆರೆವಾಸದಿಂದ ಬಾಕಿ ತೀರಿದಂತಾಗುವುದಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸ್ಪಷ್ಟಪಡಿಸಿತು. ಆದರೆ ವಸೂಲಿಗೆಂದೇ ಮೀಸಲಾದ ಇಲಾಖೆ ನಮ್ಮಲ್ಲಿಲ್ಲ. ಹಣ ಬಾರದಿದ್ದರೆ ತಾಯಿಯೇ ಮತ್ತೆ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಅದೂ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ. ಈ ಅವಧಿಯನ್ನು ತಾಯಂದಿರು ಮರೆಯಬಾರದು.

ಗಡಿನಾಡಿನವರಾದ ನಾವು ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು. ಮಗು ಕಾಸರಗೋಡಿನಲ್ಲಿದ್ದು ತಂದೆ ಮಂಗಳೂರಿನಲ್ಲಿ ದುಡಿಯುತ್ತಿದ್ದರೆ ಆಜ್ಞೆ ಗಡಿಯಲ್ಲಿ ನಿಲ್ಲುವುದಿಲ್ಲ. ಕೊಡಬೇಕಾದವನು ಭಾರತದಲ್ಲಿ ಎಲ್ಲಿರುವನೋ ಅಲ್ಲಿಯೇ ಅದನ್ನು ಜಾರಿಮಾಡಿಸಬಹುದು. ರಾಜ್ಯಗಳ ಗಡಿ ಹೊಣೆಗಾರಿಕೆಯ ಗಡಿಯಲ್ಲ.

ವಿದ್ಯಾರ್ಥಿಗಳೇ, ಈ ಸೇವೆಗೆ ಮನಸ್ಸುಳ್ಳವರಿಗೆ ನಮ್ಮಲ್ಲಿಯೂ ದಾರಿಗಳಿವೆ. ಕಾನೂನು ಕಲಿತು ನ್ಯಾಯವಾದಿಗಳಾಗಬಹುದು. ಸಮಾಜಕಾರ್ಯವನ್ನೋ ಮನಶ್ಶಾಸ್ತ್ರವನ್ನೋ ಓದಿ, 1984ರ ಕಾಯಿದೆಯಂತೆ ಏರ್ಪಟ್ಟ ಕುಟುಂಬ ನ್ಯಾಯಾಲಯಗಳಲ್ಲಿ ಸಲಹೆಗಾರರಾಗಬಹುದು. ಕೌಟುಂಬಿಕ ಹಿಂಸೆಯನ್ನು ತಡೆಯುವ 2005ರ ಕಾಯಿದೆಯಂತೆ ಸಂರಕ್ಷಣಾಧಿಕಾರಿಗಳಾಗಬಹುದು. ಜೀವನಾಂಶವನ್ನು ಮಾಲಿಕನು ಸಂಬಳದಿಂದಲೇ ನೇರವಾಗಿ ಸಲ್ಲಿಸಬೇಕೆಂದು ಆಜ್ಞಾಪಿಸುವ ಅಧಿಕಾರವನ್ನು ಆ ಕಾಯಿದೆ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ.

ಇದಕ್ಕೆ ಬೇಕಾದ ಗುಣಗಳನ್ನು ಈ ಶಾಲೆಯಲ್ಲಿಯೇ ಬೆಳೆಸಿಕೊಳ್ಳಬಹುದು. ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಒಂದು ಮನೆಯ ಅಕ್ಕಿ ತಪ್ಪೀತು. ಆದುದರಿಂದ ಗಣಿತವನ್ನು ಕಡೆಗಣಿಸಬೇಡಿ. ನೋಟೀಸು ಓದಿದವನಿಗೆ ಅರ್ಥವಾಗಬೇಕು. ಆದುದರಿಂದ ತಿಳಿಯಾಗಿ ಬರೆಯಲು ಕಲಿಯಿರಿ. ಮನೆಯ ನೋವನ್ನು ಜನ ಮನೆಯ ಮಾತಿನಲ್ಲಿಯೇ ಹೇಳುತ್ತಾರೆ. ಕನ್ನಡ, ತುಳು, ಮಲಯಾಳಂ ಬಲ್ಲ ನಿಮಗೆ ಅದನ್ನು ಆಲಿಸುವ ಯೋಗ್ಯತೆ ಆಗಲೇ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದ ಗುಟ್ಟನ್ನು ಹೊರಗೆಡಹದ ಸಂಯಮವಿರಲಿ.

ಇನ್ನು ಹಿರಿಯರಲ್ಲಿ ಒಂದು ವಿಜ್ಞಾಪನೆ. ಕಾನೂನು ಹಣವನ್ನು ತಂದೀತು. ಅಕ್ಕರೆಯನ್ನು ವಸೂಲು ಮಾಡುವ ಅಧಿಕಾರಿ ಯಾವ ದೇಶದಲ್ಲಿಯೂ ಇಲ್ಲ. ಅದನ್ನು ನೀವೇ ಕೊಡಬೇಕು. ತಾಯಿತಂದೆಗಳಲ್ಲಿ ಒಬ್ಬರ ಆಸರೆಯಲ್ಲಿಯೇ ಬೆಳೆಯುತ್ತಿರುವ ಮಗುವನ್ನು ನಿಮ್ಮ ಮಕ್ಕಳ ಪಂಕ್ತಿಯಲ್ಲಿ ಕೂಡಿಸಿಕೊಳ್ಳಿರಿ ಎಂದು ಬೇಡಿ, ಈ ವಿದ್ಯಾಸಂಸ್ಥೆಗೆ ಶ್ರೇಯಸ್ಸನ್ನು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.