ಭಕ್ತನ ಬದಲಿಗೆ ನಿಂತ ಕಲ್ಲು

ಸುಮೇರಿಯನ್ನರ ಪೂಜಾವಿಧಿಯನ್ನು ಕುರಿತು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದುದು ಅವರ ದೇವತೆಗಳಲ್ಲ, ಭಕ್ತರ ಕಣ್ಣುಗಳು. 1930ರ ದಶಕದಲ್ಲಿ ಇರಾಕಿನ ಟೆಲ್ ಅಸ್ಮಾರ್‌ನಲ್ಲಿ, ಗುಡಿಯೊಂದರ ನೆಲದಡಿ, 12 ಶಿಲಾಪ್ರತಿಮೆಗಳು ದೊರೆತವು: ಎದೆಗೆ ಜೋಡಿಸಿದ ಕೈ, ಚಿಪ್ಪು ಕೂರಿಸಿದ ಅಗಲವಾದ ಕಣ್ಣು. ಹೊಲ ಪೇಟೆಗಳ ದುಡಿಮೆಗೆ ತೆರಳಿದ ಭಕ್ತನ ಬದಲಿಗೆ ದೇವರೆದುರು ಸದಾ ನಿಲ್ಲಲೆಂದು ಇವನ್ನು ಇರಿಸಿದರೆಂಬುದು ವಿದ್ವಾಂಸರ ಮತ. ಸೋಮಾರಿಯ ಭಕ್ತಿಯೆನ್ನೋಣವೆ? ನಾನೊಪ್ಪೆ. ಕ್ರಿ. ಪೂ. 2100ರ ಸುಮಾರಿಗೆ ಲಗಾಷ್ ಆಳಿದ ಗುಡೇಅ, ತನ್ನ ಪರವಾಗಿ ನಿಂಗಿರ್ಸು ದೇವನೊಡನೆ ಮಾತನಾಡೆಂದು ತನ್ನ ಪ್ರತಿಮೆಗೇ ಅಪ್ಪಣೆಯಿತ್ತು ಅದರ ಮೇಲೆ ಕೆತ್ತಿಸಿದ. ಆ ಕಲ್ಲಿಗೂ ನಿತ್ಯ ರೊಟ್ಟಿ, ಬಿಯರು, ಹಿಟ್ಟು ಸಲ್ಲಬೇಕೆಂದು ಕಟ್ಟಳೆ ಮಾಡಿದ. ದೊರೆಗೂ ದೇವರ ಲಕ್ಷ್ಯ ತಪ್ಪೀತೆಂಬ ಅಳುಕು! ಟೆಲ್ ಅಸ್ಮಾರಿನ ಪ್ರತಿಮೆಗಳನ್ನಾದರೋ, ಬಳಕೆ ತೀರಿತೆಂದು ಬೀದಿಗೆಸೆಯಲಿಲ್ಲ. ಗುಡಿಯೊಳಗೇ, ತೆರೆದ ಕಣ್ಣುಗಳೊಡನೆ, ಹೂತಿಟ್ಟರು.