ಹಾಜರಿ ಪುಸ್ತಕವೂ ನಮ್ಮ ಮಕ್ಕಳೂ
(ಸಂಘದ ವತಿಯಿಂದ ಮುಂಬಯಿಯಲ್ಲಿ ಜರುಗಿದ ಪಾಲಕರ ಹಾಗೂ ರಾತ್ರಿ ಶಾಲೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿಗಳು ಕರಗಿ, ಸಂಜೆಯ ಚಹದ ಗದ್ದಲ ಆರಂಭವಾಗುವುದರೊಳಗೆ ಸಿಗುವ ಎರಡು ತಾಸಿನ ಬಿಡುವಿನಲ್ಲಿ, ಮೈಚಾಚುವುದನ್ನೂ ಬಿಟ್ಟು ನೀವು ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ನಾವು ಬಹಳ ಹೊತ್ತು ಮಾತನಾಡುವವರಲ್ಲ. ಶಾಲೆಯ ಮೂರು ನಿಯಮಗಳ ವಿಷಯವಾಗಿ ಮಾತ್ರ ನಾಲ್ಕು ಮಾತು ಹೇಳುತ್ತೇವೆ. ಒಂದು ಹಾಜರಿ, ಎರಡನೆಯದು ಕೊನೆಯ ದಿನಾಂಕ, ಮೂರನೆಯದು ಪರೀಕ್ಷೆಯಲ್ಲಿ ಪ್ರಾಮಾಣಿಕತೆ. ಇವು ಮಾಸ್ತರರಿಗೂ ಮಕ್ಕಳಿಗೂ ಸಂಬಂಧಪಟ್ಟದ್ದು, ನಮಗೇನು ಎಂದು ನೀವು ಕೇಳಬಹುದು. ಈ ಮೂರರಲ್ಲಿಯೂ ಪಾಲಕರ ಪಾಲು ಎಷ್ಟಿದೆ ಎಂಬುದನ್ನು ನಮ್ಮದೇ ತಪ್ಪಿನಿಂದ ನಾವು ಕಲಿತಿದ್ದೇವೆ. ಅದನ್ನು ಮುಚ್ಚಿಡದೆ ಹೇಳುವುದಕ್ಕಾಗಿಯೇ ಇಂದು ನಿಂತಿದ್ದೇವೆ.

ನಿಯಮ ಎಂದರೇನೆಂದು ಗಿರಣಿಯಲ್ಲಿ ದುಡಿದ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಭೋಂಗಾ ಕೂಗಿದ ಮೇಲೆ ಬಂದವನಿಗೆ ಗೇಟು ಮುಚ್ಚಿರುತ್ತಿತ್ತು. ಮಸ್ಟರಿನಲ್ಲಿ ಹೆಸರಿಲ್ಲದಿದ್ದರೆ ಅಂದಿನ ಪಗಾರವಿರುತ್ತಿರಲಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಬಳಿಕ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆದರೆ ಮಸ್ಟರಿನ ಬೆಲೆ ತಿಳಿದವರು ಇನ್ನೂ ನಮ್ಮ ಮಧ್ಯೆ ಇದ್ದಾರೆ. ಮಗನ ಶಾಲೆಯ ಹಾಜರಿ ಪುಸ್ತಕವೂ ಅಂಥದೊಂದು ಮಸ್ಟರು ಎಂದು ಅವರು ಮನೆಯಲ್ಲಿ ಒಂದು ಮಾತು ಹೇಳಿದರೆ, ನಮ್ಮ ಭಾಷಣಕ್ಕಿಂತ ಅದೇ ಹೆಚ್ಚು ನಾಟೀತು.

ಮೊದಲು ಹಾಜರಿಯನ್ನು ನೋಡೋಣ. ಮಹಾರಾಷ್ಟ್ರದ ಮಾಧ್ಯಮಿಕ ಶಿಕ್ಷಣ ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆಗೆ ಶಾಲೆಯ ಮೂಲಕ ಕುಳಿತುಕೊಳ್ಳಬೇಕಾದರೆ ನೂರಕ್ಕೆ 75ರಷ್ಟು ಹಾಜರಿ ಇರಬೇಕು. ಕೇಂದ್ರೀಯ ಮಂಡಳಿಯ ನಿಯಮವೂ ಅದೇ. ಶಾಲೆ 200 ದಿನ ನಡೆದರೆ 150 ದಿನ ಹಾಜರಿರಬೇಕೆಂದಾಯಿತು, 50 ದಿನಗಳ ಅವಕಾಶ ಉಳಿಯಿತು. ಇದೇನೂ ಕ್ರೂರವಾದ ಲೆಕ್ಕವಲ್ಲ. ಕಾಯಿಲೆ ಬಿದ್ದವರಿಗೆ, ಮನೆಯಲ್ಲಿ ಸಾವುನೋವು ಆದವರಿಗೆ ರಿಯಾಯಿತಿ ಕೊಡುವ ದಾರಿಯೂ ಇದೆ. ಆದರೆ ಅದನ್ನು ಕಾಗದಪತ್ರ ಸಹಿತ, ಹೊತ್ತಿಗೆ ಸರಿಯಾಗಿ ಕೇಳಬೇಕು. ಅರ್ಜಿಯೇ ಇಲ್ಲದ ಗೈರುಹಾಜರಿಯನ್ನು ಅನಧಿಕೃತವೆಂದೇ ಎಣಿಸಲಾಗುವುದೆಂದು ಕೇಂದ್ರೀಯ ಮಂಡಳಿಯು 2025ರಲ್ಲಿ ಶಾಲೆಗಳಿಗೆ ಮತ್ತೊಮ್ಮೆ ತಿಳಿಸಿತು.

ನಮ್ಮವರ ಕಷ್ಟ ನಮಗೆ ಗೊತ್ತು. ಊರಿನ ಸೆಳೆತ ದೊಡ್ಡದು. ಮನೆಯ ಕೋಲ, ತಂಗಿಯ ಮದುವೆ, ಅಜ್ಜಿಯ ಬೊಜ್ಜ, ಗದ್ದೆಯ ತಕರಾರು ಯಾವುದೂ ಶಾಲೆಯ ರಜೆಯನ್ನು ಕಾದು ಬರುವುದಿಲ್ಲ. ಮೂರು ದಿನಕ್ಕೆಂದು ಹೋದವರು ಮೂರು ವಾರ ಉಳಿಯುತ್ತೇವೆ. ಹಿಂದಿರುಗಿದ ಮೇಲೆ ಒಂದು ಚೀಟಿ ಬರೆಯುತ್ತೇವೆ: "ಹುಡುಗನಿಗೆ ಜ್ವರವಿತ್ತು."

ನಾವೂ ಒಮ್ಮೆ ಅಂಥ ಚೀಟಿಯನ್ನು ಬರೆದೆವು. ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕೋಣೆಯಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗನಿದ್ದ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದ. ತಂದೆತಾಯಿ ಊರಿನಲ್ಲಿ, ಇಲ್ಲಿ ನಾವೇ ಅವನ ಪಾಲಕರು. ಅಕ್ಕನ ಮದುವೆಗೆಂದು ಊರಿಗೆ ಹೋದವನು 22 ದಿನ ಬರಲಿಲ್ಲ. ಹಾಜರಿ ಕಡಿಮೆಯಾದೀತೆಂದು ಹೆದರಿ ನಾವು ಟೈಫಾಯ್ಡ್ ಎಂದು ಬರೆದು ಕಳುಹಿಸಿದೆವು. ಪರಿಚಯದವರೊಬ್ಬರು ವೈದ್ಯರ ಸರ್ಟಿಫಿಕೇಟನ್ನೂ ಒದಗಿಸಿದರು. ಎರಡು ದಿನ ಕಳೆದ ಮೇಲೆ, ರಾತ್ರಿ ಹತ್ತು ಗಂಟೆಯ ಹೊತ್ತಿಗೆ, ಮಾಸ್ತರರು ಬಿಸ್ಕೀಟಿನ ಪೊಟ್ಟಣ ಹಿಡಿದುಕೊಂಡು ನಾಲ್ಕು ಮಾಳಿಗೆ ಹತ್ತಿ ನಮ್ಮ ಕೋಣೆಗೆ ಬಂದರು. ಹುಡುಗ ಹೇಗಿದ್ದಾನೆಂದು ಕೇಳಿದರು. ಆಸ್ಪತ್ರೆಯಲ್ಲಿದ್ದಾನೆ ಎಂದೆವು. ಅದು ಎರಡನೆಯ ಸುಳ್ಳು. ಬಿಸ್ಕೀಟನ್ನು ಅವರು ನಮ್ಮ ಕೈಯಲ್ಲೇ ಕೊಟ್ಟು ಹೋದರು.

ಆ ದಿನಗಳಲ್ಲೇ ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನಾಂಕ ಬಂತು. ಅರ್ಜಿಗೆ ಒಂದು ಗಡುವು, ಅದು ಮೀರಿದರೆ ವಿಳಂಬ ಶುಲ್ಕದೊಡನೆ ಇನ್ನೊಂದು ಗಡುವು, ಅದೂ ಮೀರಿದರೆ ಆ ಪರೀಕ್ಷೆಯ ಬಾಗಿಲು ಮುಚ್ಚಿತೆಂದೇ ಅರ್ಥ. ಹುಡುಗ ಆಸ್ಪತ್ರೆಯಲ್ಲಿದ್ದಾನೆಂದು ಮಾಸ್ತರರು ವಿಳಂಬ ಶುಲ್ಕದ ದಿನದವರೆಗೆ ಕಾದರು. ಅವನು ಮರಳಿದೊಡನೆ ನಾವು ಹಣ ಕೊಟ್ಟೆವು. ಮದುವೆಯಲ್ಲಿ ಮಾಡಿದ ಕೈಸಾಲ ತೀರಿಸಲು ಅವನು ಅದನ್ನು ಖರ್ಚು ಮಾಡಿದ. ಕಟ್ಟಿದೆ ಎಂದು ನಮಗೆ ಹೇಳಿದ, ಮನೆಯವರು ಇನ್ನೂ ಕೊಟ್ಟಿಲ್ಲ ಎಂದು ಮಾಸ್ತರರಿಗೆ ಹೇಳಿದ. ಫೆಬ್ರವರಿಯಲ್ಲಿ ಎಲ್ಲರಿಗೂ ಹಾಲ್ ಟಿಕೆಟ್ ಬಂತು, ಅವನಿಗೆ ಬರಲಿಲ್ಲ.

ನಾವು ಅವನನ್ನು ಗದರಿಸಿದೆವು. ಅವನು ತಲೆ ತಗ್ಗಿಸಿಕೊಂಡೇ, "ನೀವೂ ಮಾಸ್ತರರಿಗೆ ಹಾಗೆಯೇ ಹೇಳಿದ್ದಿರಲ್ಲ?" ಎಂದ. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮರುದಿನ ಶಾಲೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆವು. ಮಾಸ್ತರರು ಸಿಟ್ಟಾಗಲಿಲ್ಲ. "ಮದುವೆ ಎಂದು ಮೊದಲೇ ಹೇಳಿದ್ದರೆ, ಹೋಗುವ ಮುಂಚೆಯೇ ಅರ್ಜಿ ತುಂಬಿಸಿಕೊಳ್ಳುತ್ತಿದ್ದೆ. ಪಾಠವನ್ನೂ ಬರೆದುಕೊಡುತ್ತಿದ್ದೆ" ಎಂದಷ್ಟೇ ಹೇಳಿದರು. ನಿಜ ಹೇಳಿದ್ದರೆ ಸುಲಭವಾಗಿ ಆಗುತ್ತಿದ್ದ ಕೆಲಸ ನಮ್ಮ ಸುಳ್ಳಿನಿಂದ ಕೆಟ್ಟು, ಹುಡುಗನ ಒಂದು ವರ್ಷ ಹಾಳಾಯಿತು. ಬಂಧುಗಳೆ, ಇಂದು ನಾವು ಹೇಳಬೇಕಾದ ಮುಖ್ಯ ಮಾತು ಇದೇ. ನಿಜ ಹೇಳಿ ಮೊದಲೇ ಕೇಳಿದವನಿಗೆ ನಿಯಮದೊಳಗೇ ಅನುಕೂಲವಿದೆ. ಸುಳ್ಳು ಹೇಳಿದವನಿಗೆ, ಸಹಾಯ ಮಾಡಬೇಕೆಂದು ಬಂದವರೂ ಸಹಾಯ ಮಾಡಲಾರರು.

ಇನ್ನು ಮನೆಗೆಲಸ, ಪ್ರಯೋಗದ ಜರ್ನಲ್ ಮೊದಲಾದವುಗಳ ಗಡುವು. ಹತ್ತನೆಯ ತರಗತಿಯಲ್ಲಿ ಒಂದು ವಿಷಯಕ್ಕೆ 100 ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಪಾಸಾಗಲು 35 ಬೇಕು. ಆ 20 ಅಂಕ ವರ್ಷವಿಡೀ ಹೊತ್ತಿಗೆ ಸರಿಯಾಗಿ ಕೆಲಸ ಒಪ್ಪಿಸಿದವನದು. ನಮ್ಮ ಕಡೆ ಏನಾಗುತ್ತಿದೆ? ಗಡುವಿನ ಹಿಂದಿನ ರಾತ್ರಿ ಗೆಳೆಯನ ಜರ್ನಲ್ ತಂದು ನಕಲು ಮಾಡುವುದು, ಇಲ್ಲವೆ ಹಣ ಕೊಟ್ಟು ಬೇರೆಯವರಿಂದ ಬರೆಸುವುದು. ಈಗಂತೂ ಮೊಬೈಲಿಗೆ ಪ್ರಶ್ನೆ ಹಾಕಿದರೆ ಇಡೀ ಪ್ರಬಂಧವನ್ನೇ ಬರೆದುಕೊಡುವ ಯಂತ್ರ ಬಂದಿದೆ. ಮೂರೂ ಒಂದೇ ತಪ್ಪು. ಓದದವನ ಹೆಸರಿನಲ್ಲಿ ಓದಿದ ಲೆಕ್ಕ ಬರೆದಂತಾಯಿತು.

ಈ 20 ಅಂಕಗಳ ತೂಕ ಎಷ್ಟೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2018ರಲ್ಲಿ ಹತ್ತನೆಯ ತರಗತಿಯಲ್ಲಿ ನೂರಕ್ಕೆ 89.41 ಮಂದಿ ಪಾಸಾಗಿದ್ದರು. 2019ರ ಪರೀಕ್ಷೆಗೆ ಭಾಷೆ ಮತ್ತು ಸಮಾಜ ವಿಜ್ಞಾನದಲ್ಲಿ ಶಾಲೆಯ ಕೈಯಲ್ಲಿದ್ದ ಅಂಕಗಳನ್ನು ತೆಗೆದುಹಾಕಿದರು. ಫಲಿತಾಂಶ 77.10ಕ್ಕೆ ಇಳಿಯಿತು. ಅದೇ ವರ್ಷ ಹೊಸ ಪಠ್ಯಕ್ರಮವೂ ಬಂದಿದ್ದರಿಂದ ಇಳಿತವೆಲ್ಲ ಒಂದೇ ಕಾರಣದಿಂದ ಆಯಿತೆಂದು ಹೇಳಲಾಗದು. ಪಾಲಕರ ಕೂಗಿನಿಂದ ಆ ಅಂಕಗಳು ಮರುವರ್ಷ ಹಿಂದಿರುಗಿದವು. ಬಡವರ ಮಕ್ಕಳಿಗೆ ಅವು ಬೇಕು, ಒಂದೇ ದಿನದ ಮೂರು ತಾಸಿನ ಮೇಲೆ ಇಡೀ ವರ್ಷ ನಿಲ್ಲಬಾರದು ಎಂದೇ ನಮ್ಮ ಅಭಿಪ್ರಾಯ. ಆದರೆ ದುಡಿಯದೆ ಸಿಗುವ ಅಂಕವೆಂದು ನಾವೇ ಅದನ್ನು ಹಗುರ ಮಾಡಿದರೆ, ನಾಳೆ ಅದನ್ನು ಮತ್ತೆ ಕಿತ್ತುಕೊಂಡಾಗ ಯಾವ ಬಾಯಿಂದ ಕೇಳುವುದು?

ಮೂರನೆಯದು ಪರೀಕ್ಷೆಯ ಕೊಠಡಿ. 2015ರ ಮಾರ್ಚಿನಲ್ಲಿ ಬಿಹಾರದ ವೈಶಾಲಿ ಜಿಲ್ಲೆಯ ಒಂದು ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹಲವು ಮಾಳಿಗೆಯ ಶಾಲೆಯ ಗೋಡೆಗೆ ಜನ ಜೋತುಬಿದ್ದು ಕಿಟಕಿಯೊಳಗೆ ಚೀಟಿ ನೀಡುತ್ತಿದ್ದರು. ಹತ್ತಿದವರು ಮಕ್ಕಳ ಹಿತವನ್ನು ಬಯಸುವ ಮನೆಯವರು, ಗೆಳೆಯರು. ಅದನ್ನು ನೋಡಿ ನಾವು ನಕ್ಕೆವು. ಜ್ವರದ ಚೀಟಿ ಬರೆದ ನಾವೂ ಅದೇ ಗೋಡೆಯ ಒಂದು ಮೆಟ್ಟಿಲು ಹತ್ತಿದವರೇ ಎಂಬುದು ಆಗ ತೋಚಲಿಲ್ಲ.

ನಮ್ಮ ಕರ್ನಾಟಕದ ಸುದ್ದಿಯನ್ನೂ ಹೇಳಬೇಕು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮರಾ ಇಟ್ಟು ದೂರದಿಂದ ನೋಡುವ ವ್ಯವಸ್ಥೆ ಮಾಡಿದರು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ, ಹೆಚ್ಚಿನ ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಬಂತು. ಕ್ಯಾಮರಾ ಯಾರ ಬುದ್ಧಿಯನ್ನೂ ಕಡಿಮೆ ಮಾಡುವುದಿಲ್ಲ. ಮೊದಲು ಕಾಣದಿದ್ದದ್ದನ್ನು ಕಾಣಿಸುತ್ತದೆ, ಅಷ್ಟೆ.

ಮಹಾರಾಷ್ಟ್ರದಲ್ಲಿ ಪರೀಕ್ಷೆಯ ಅಕ್ರಮಗಳನ್ನು ತಡೆಯಲು 1982ರಲ್ಲೇ ಕಾಯಿದೆಯಾಗಿದೆ. ನಕಲು ಮಾಡುವವನಿಗೆ ಮಾತ್ರವಲ್ಲ, ನೆರವಾಗುವವನಿಗೂ ಪ್ರಶ್ನೆಪತ್ರಿಕೆ ಹೊರಗೆ ಬಿಡುವವನಿಗೂ ಅದು ಅನ್ವಯಿಸುತ್ತದೆ. ಗಿರಣಿಯಲ್ಲಿ ಒಬ್ಬನ ಸಾಂಚೆಯ ಮೇಲೆ ಬದಲಿ ಕಾರ್ಮಿಕ ನಿಲ್ಲಬಹುದಾಗಿತ್ತು, ಅವನಿಗೆ ಪಾಸೂ ಇತ್ತು. ಪರೀಕ್ಷೆಯಲ್ಲಿ ಬದಲಿಯವನು ಕುಳಿತರೆ ಅದು ಅಪರಾಧ. ತಮ್ಮನ ಬದಲು ಅಣ್ಣ ಹೋಗಿ ಬರೆಯಲಿ ಎಂದು ಯಾರಾದರೂ ಸಲಹೆ ಕೊಟ್ಟರೆ, ಅಂಥವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿರಿ.

ಇಷ್ಟು ಹೇಳಿ ಭಾರವನ್ನೆಲ್ಲ ಹುಡುಗರ ತಲೆಯ ಮೇಲೆ ಹೊರಿಸಿದರೆ ಅನ್ಯಾಯವಾದೀತು. ರಾತ್ರಿ ಶಾಲೆಯ ಹೊತ್ತೇ ಹೊಟೇಲಿನ ದೊಡ್ಡ ವ್ಯಾಪಾರದ ಹೊತ್ತು. ಏಳು ಗಂಟೆಗೆ ವರ್ಗ, ಎಂಟಾದರೂ ಬಿಡುಗಡೆಯಿಲ್ಲ. ಬೆವರು ಒರೆಸಿಕೊಂಡು ಓಡಿಬಂದ ಹುಡುಗನಿಗೆ ಹಾಜರಿ ತಪ್ಪಿರುತ್ತದೆ. ಇಲ್ಲಿ ಕುಳಿತಿರುವ ಮಾಲಿಕರನ್ನೂ ಮ್ಯಾನೇಜರರನ್ನೂ ಕೈಮುಗಿದು ಕೇಳುತ್ತೇವೆ: ನಿಮ್ಮಲ್ಲಿ ಅನೇಕರು ಮೇಜು ಒರೆಸುತ್ತಲೇ ರಾತ್ರಿ ಶಾಲೆ ಕಲಿತು ಮೇಲೆ ಬಂದವರು. ಹುಡುಗ ಹತ್ತನೆಯ ತರಗತಿಯಲ್ಲಿರುವ ಆ ಒಂದು ವರ್ಷ ಅವನ ಪಾಳಿಯನ್ನು ಬೆಳಗಿಗೆ ಬದಲಾಯಿಸಿರಿ. ಪರೀಕ್ಷೆಯ ದಿನಗಳಲ್ಲಿ ಪಗಾರ ಕಡಿಯದೆ ರಜೆ ಕೊಡಿರಿ. ಹುಡುಗ ನಿಯಮ ಪಾಲಿಸಬೇಕಾದರೆ ಅದಕ್ಕೆ ಬೇಕಾದ ಹೊತ್ತನ್ನು ನಾವು ಅವನಿಗೆ ಕೊಡಬೇಕು.

ಏನು ಮಾಡಿದರೂ ವರ್ಗಕ್ಕೆ ಹೋಗಲಾಗದವರಿಗೂ ನೇರವಾದ ದಾರಿಗಳಿವೆ. ಖಾಸಗಿ ಅಭ್ಯರ್ಥಿಯಾಗಿ 17ನೆಯ ನಮೂನೆಯ ಅರ್ಜಿ ತುಂಬಿ ಇದೇ ಮಂಡಳಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅದರ ಗಡುವು ಪರೀಕ್ಷೆಗೆ ಹಲವು ತಿಂಗಳು ಮೊದಲೇ ಮುಗಿಯುತ್ತದೆ ಎಂಬುದನ್ನು ಮರೆಯಬಾರದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ಐದು ವರ್ಷಗಳೊಳಗೆ ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಬಹುದು. ಮಾರ್ಚಿನಲ್ಲಿ ಒಂದೆರಡು ವಿಷಯ ಹೋದವರಿಗೆ ಜೂನ್-ಜುಲೈ ಹೊತ್ತಿಗೆ ಪೂರಕ ಪರೀಕ್ಷೆ ಇದೆ. ಇಷ್ಟು ದಾರಿಗಳಿರುವಾಗ ಕಳ್ಳದಾರಿ ಏಕೆ ಬೇಕು?

ಕೊನೆಯದಾಗಿ ಮೂರು ಬಿನ್ನಹ. ಊರಿಗೆ ಹೊರಡುವ ಮೊದಲೇ ರಜಾಚೀಟಿ ಬರೆಯಿರಿ, ಮದುವೆಗೆ ಮದುವೆಯೆಂದೇ ಬರೆಯಿರಿ. ಅರ್ಜಿಯ ದಿನಾಂಕ, ಜರ್ನಲಿನ ದಿನಾಂಕಗಳನ್ನು ಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ, ಶುಲ್ಕ ಕಟ್ಟಿದ ರಸೀದಿಯನ್ನು ಕಣ್ಣಾರೆ ನೋಡಿರಿ. ಮಗ 36 ಅಂಕ ತಂದರೆ, ಅದು ಅವನ ಕೈಯಿಂದಲೇ ಬಂದದ್ದಾದರೆ, ಪಕ್ಕದ ಮನೆಯ 86ರ ಜೊತೆ ತೂಗಬೇಡಿರಿ.

ನಮ್ಮ ಕೋಣೆಯ ಆ ಹುಡುಗ ಮುಂದಿನ ವರ್ಷ ಪರೀಕ್ಷೆಗೆ ಕುಳಿತ. ಗಣಿತದಲ್ಲಿ 37 ಬಂತು. ಈಗ ಅವನು ಒಂದು ಹೊಟೇಲಿನ ಗಲ್ಲಾದಲ್ಲಿ ಕುಳಿತು ದಿನದ ಲೆಕ್ಕ ಬರೆಯುತ್ತಾನೆ. ರಾತ್ರಿ ಅವನು ಎಣಿಸಿ ಕೊಟ್ಟ ಹಣವನ್ನು ಮಾಲಿಕರು ಮತ್ತೆ ಎಣಿಸುವುದಿಲ್ಲ. ಹೊಟೇಲಿನಲ್ಲಿ ದುಡಿದ ನಿಮಗೆ ಆ ಮಾತಿನ ಬೆಲೆ ಗೊತ್ತು.